ಅಳತೆ ರವಿಕೆ

ಆಷಾಢದ ಗಾಳಿ ಕೊಳ್ಳೇಗಾಲದ ಬೀದಿಗಳಲ್ಲಿ ಧೂಳೆಬ್ಬಿಸಿಕೊಂಡು ತಿರುಗುತ್ತಿದ್ದ ಕಾಲ. ಬೆಳಗಿನ ಹನ್ನೊಂದು ಗಂಟೆಯ ಹೊತ್ತು. ಆಷಾಢದಲ್ಲಿ ಮದುವೆಯಿಲ್ಲ. ಮದುವೆಯಿಲ್ಲದಿದ್ದರೆ ರವಿಕೆ ಹೊಲಿಸುವವರಿಲ್ಲ. ರವಿಕೆ ಹೊಲಿಸುವವರಿಲ್ಲದಿದ್ದರೆ ಲೇಡೀಸ್ ಟೈಲರ್ ಪುಟ್ಟಬಸಪ್ಪನಿಗೆ ಕೆಲಸವಿಲ್ಲ. ಕೆಲಸವಿಲ್ಲದ ದರ್ಜಿ ಕನ್ನಡಿಯ ಮುಂದೆ ಹೋಗಿ ನಿಲ್ಲಬಾರದು. ಪುಟ್ಟಬಸಪ್ಪ ನಿಂತ. ಮುಂದಿನದೆಲ್ಲ ಶುರುವಾದದ್ದು ಅಲ್ಲಿಂದ.

ಅಂಗಡಿಯ ಹಿಂದಿನ ಪರದೆ ಎಳೆದುಕೊಂಡು ಅಂಗಿ ಬಿಚ್ಚಿದ. ಹಿಂದಿನ ವರ್ಷ ಇದೇ ಹೊತ್ತಿಗೆ ಅವನು ನೂರಾನಾಲ್ಕು ಕಿಲೋ ಇದ್ದ. ಕೂತು ಮಿಷನ್ ತುಳಿದರೆ ಹೊಟ್ಟೆ ಹಲಗೆಯ ಮೇಲೆ ಕೂತು ಬಟ್ಟೆಗಿಂತ ಮೊದಲು ಸೂಜಿಯ ಹತ್ತಿರ ಹೋಗುತ್ತಿತ್ತು. ಸಕ್ಕರೆ ನಾನೂರು ದಾಟಿದಾಗ ಡಾಕ್ಟರು, ಇಳಿಸದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದರು. ಕಾಲಿಲ್ಲದ ದರ್ಜಿ ಮಿಷನ್ ತುಳಿಯುವುದೆಂತು? ಅಂದಿನಿಂದ ದಿನಾ ಮುಂಜಾನೆ ಕಾಲೇಜು ಮೈದಾನ ಸುತ್ತಿದ. ಹೆಂಡತಿ ಶಿವರತ್ನಮ್ಮ ಎರಡು ಹೆಜ್ಜೆ ಹಿಂದೆ ಜೊತೆಗೆ ನಡೆದಳು. ಅವನಿಗೆ ಉಪ್ಪು, ಎಣ್ಣೆ, ಅನ್ನ ಬೇಡವೆಂದಾಗ, ಒಂದು ಮನೆಯಲ್ಲಿ ಎರಡು ಅಡುಗೆ ಯಾಕೆಂದು ಅವಳೂ ಅದನ್ನೇ ಉಂಡಳು. ಸಕ್ಕರೆ ಇಳಿದರೆ ಗಂಡಹೆಂಡಿರಿಬ್ಬರೂ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಬರುತ್ತೇವೆ, ಗಂಡನ ಕೈಲಿ ಉರುಳುಸೇವೆ ಮಾಡಿಸುತ್ತೇನೆ ಎಂದು ಹರಕೆಯನ್ನೂ ಹೊತ್ತಳು.

ಸಕ್ಕರೆ ಇಳಿಯಿತು. ತೂಕ ಅರವತ್ತೆಂಟಕ್ಕೆ ಬಂತು. ಆದರೆ ಹೋದ ಮೂವತ್ತಾರು ಕಿಲೋ ಹೋಗುವಾಗ ತನ್ನ ಹೊದಿಕೆಯನ್ನು ಇಲ್ಲೇ ಬಿಟ್ಟುಹೋಗಿತ್ತು. ಹೊಟ್ಟೆಯಿದ್ದ ಕಡೆ ಹೊಟ್ಟೆಯ ಚೀಲ. ತೋಳಿನ ಕೆಳಗೆ ತೊಟ್ಟಿಲು. ಎದೆಯ ಚರ್ಮ ಎರಡು ಮಡಿಕೆಯಾಗಿ ನೆಲ ನೋಡುತ್ತಿತ್ತು.

ಪುಟ್ಟಬಸಪ್ಪ ಎಷ್ಟಾದರೂ ಕಸುಬಿನವನು. ಸಡಿಲ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಎಡ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಸೀಮೆಸುಣ್ಣ ತೆಗೆದು ಗೆರೆ ಎಳೆದ. ಬಲ ಪಕ್ಕೆಗೂ ಎಳೆದ. ಮೂರು ಮೂರು ಇಂಚು ಹಿಡಿದರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾಗ ಊಟದ ಡಬ್ಬಿ ಹಿಡಿದು ಶಿವರತ್ನಮ್ಮ ಪರದೆ ಸರಿಸಿದಳು.

"ಏನ್ ಮಾಡ್ತಿದ್ದೀರಿ ಕೋಮಲನ ಅಪ್ಪ?"

"ಎಷ್ಟು ಜಾಸ್ತಿ ಅದೆ ಅಂತ ನೋಡ್ತಿದ್ದೆ."

"ಮೊದ್ಲು ಆ ಕತ್ರಿ ದೂರ ಮಡಗಿ."

ಅವನು ಕತ್ತರಿ ಇಟ್ಟು ಅಂಗಿ ಹಾಕಿಕೊಂಡ. ಅವಳು ಮೆಟ್ಟಿಲ ಮೇಲೆ ಕೂತು, ಸೆರಗನ್ನು ಎರಡೂ ಭುಜಕ್ಕೆ ಸುತ್ತಿಕೊಂಡು, ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು.

"ಬರೋ ವಾರ ಅಮಾಸೆ. ಬೆಟ್ಟಕ್ಕೆ ಒಂಟೋಗವಾ?"

"ಉರುಳ್ಸೇವೆಗೆ ಅಂಗಿ ಬಿಚ್ಬೇಕಲ್ಲ ರತ್ನ. ನಾನು ಒಂದ್ ಸುತ್ತು ಉರುಳಿ ಮುಂದಕ್ ಓದ್ರೆ ನನ್ ಹೊಟ್ಟೆ ಇಂದ್ಗಡೆಯಿಂದ ಉರುಳ್ಕಂಡ್ ಬತ್ತದೆ. ಚರ್ಮ ಒಸಿ ಕೂತ್ಕಳ್ಳಿ, ಆಮ್ಯಾಕೆ ಓಗವ."

"ಮಾದಪ್ಪ ಚರ್ಮ ನೋಡ್ತಾನಾ?"

"ಮಾದಪ್ಪ ನೋಡಕ್ಕಿಲ್ಲ. ನಿಮ್ಮ ಹನೂರ್ನೋರು ನೋಡ್ತರೆ."

ಹನೂರು ಅವಳ ತವರು. "ಚರ್ಮ ಬಿರ್ನೆ ಕೂತ್ಕಳ್ಳಿ ಬುಡಿ. ನಂಗೂ ನಡಿಯೋ ಸಕ್ತಿ ಇರೋವಾಗ್ಲೇ ಓಗ್ಬುಟ್ಟು ಬರವ," ಎಂದು ಡಬ್ಬಿಯ ಚೀಲದಿಂದ ಒಂದು ರವಿಕೆ ಬಟ್ಟೆಯನ್ನೂ ಅದರಲ್ಲಿ ಸುತ್ತಿದ್ದ ಅಳತೆ ರವಿಕೆಯನ್ನೂ ತೆಗೆದಿಟ್ಟಳು. ಶ್ರಾವಣದಲ್ಲಿ ಮಗಳು ಕೋಮಲಳ ಊರಿನಲ್ಲಿ ಬೀಗರ ಗೃಹಪ್ರವೇಶವಿತ್ತು. ಅದಕ್ಕೆ ಹೊಸ ರವಿಕೆ ಬೇಕಿತ್ತು.

ಈ ಅಳತೆ ರವಿಕೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಹೆಂಗಸರ ಮೈಗೆ ಟೇಪು ಹಿಡಿಯುವ ದರ್ಜಿ ಪುಟ್ಟಬಸಪ್ಪನಲ್ಲ. ಹೊಲಿಸಲು ಬಂದವರು ತಮಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಜೊತೆಗೆ ತಂದು ಕೊಡಬೇಕು. ಅವನು ಅದನ್ನು ಹಲಗೆಯ ಮೇಲೆ ಹರಡಿ ಅಳೆದು ಹೊಸದನ್ನು ಹೊಲಿಯುತ್ತಾನೆ. ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಒಳಗಡೆ ಎರಡಿಂಚು ಬಟ್ಟೆ ಬುಟ್ಟಿದ್ದೀನಿ ಕಣವ್ವ. ಮೈ ಬಂದ್ರೆ ಬಿಚ್ಕಬೋದು." ಶಿವರತ್ನಮ್ಮನ ಅಳತೆ ರವಿಕೆ ಮದುವೆಯಾದ ವರ್ಷ ಅವನೇ ಹೊಲಿದದ್ದು, ಗಿಳಿಹಸಿರು ಬಣ್ಣದ್ದು. ಮೂವತ್ತೊಂದು ವರ್ಷದಿಂದ ಅವಳ ಎಲ್ಲ ರವಿಕೆಯೂ ಅದನ್ನು ನೋಡಿಯೇ ಆದದ್ದು. ಒಂದು ದಿನವೂ ಅವಳು ಬಿಗಿ ಎಂದವಳಲ್ಲ, ಸಡಿಲ ಎಂದವಳಲ್ಲ. "ಊರಲ್ಲಿ ಎಲ್ಲರ ಅಳತೆನೂ ಬದ್ಲಾಯ್ತದೆ, ನಮ್ಮ ರತ್ನಂದು ಬದ್ಲಾಗಲ್ಲ," ಎಂದು ಅವನು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದ.

ಚರ್ಮ ತಾನಾಗಿ ಕೂರುವ ಲಕ್ಷಣ ಕಾಣಲಿಲ್ಲ. ಎದುರು ಸೈಕಲ್ ಅಂಗಡಿಯ ದೊಡ್ಡಮಾದಯ್ಯ ತನ್ನ ಕಸುಬಿನ ಕಣ್ಣಿಂದ ನೋಡಿ, "ಟ್ಯೂಬು ಗಟ್ಟಿಯಾಗೇ ಅದೆ ಬಸಪ್ಪಣ್ಣ, ಗಾಳಿ ಓಗ್ಬುಟ್ಟದೆ ಅಷ್ಟೆ. ಗಾಳಿ ಒಡಿಸ್ಕಳ್ಳಾದು ಒಳ್ಳೇದು," ಎಂದ. ಡಾಕ್ಟರು, "ಜೀವ ಉಳೀತಲ್ಲ, ಚರ್ಮ ಮರೆತುಬಿಡಿ," ಎಂದರು. ಎಳ್ಳೆಣ್ಣೆ ತಿಕ್ಕಿದ, ಕಡಲೆಹಿಟ್ಟು ಮೆತ್ತಿದ. ಚರ್ಮ ಹೊಳೆಯಿತು, ಕೂರಲಿಲ್ಲ. ಆಗ ಪುಟ್ಟಬಸಪ್ಪ ತನ್ನ ವಿದ್ಯೆಯನ್ನೇ ನಂಬಿದ.

ಹಾಸಿಗೆಗೆ ಹಾಕುವ ಪಟ್ಟೆಪಟ್ಟೆ ಬಟ್ಟೆ ಎರಡು ಪದರ, ನಡುವೆ ಕಾಲರಿಗೆ ಹಾಕುವ ಕ್ಯಾನ್ವಾಸು, ಬೆನ್ನಿಗೆ ಹದಿನಾಲ್ಕು ಹುಕ್ಕು. ಕಂಕುಳಿಂದ ಸೊಂಟದವರೆಗೆ ಮೈಯನ್ನು ಬಿಗಿದು ನಿಲ್ಲಿಸುವ ಒಂದು ಉಡುಪನ್ನು ಹೊಲಿದ. ಕೊಳ್ಳೇಗಾಲ ತಾಲ್ಲೂಕಿನಲ್ಲಿ ಗಂಡಸಿಗೆ ಹುಕ್ಕಿನ ರವಿಕೆ ಹೊಲಿದ ಮೊದಲ ದರ್ಜಿ ಅವನೇ ಇರಬೇಕು. ಹಾಕಿಸಿಕೊಂಡ ಮೊದಲ ಗಂಡಸಂತೂ ಅವನೇ.

ಗೃಹಪ್ರವೇಶದ ದಿನ ಬೆಳಿಗ್ಗೆ ಹುಕ್ಕು ಹಾಕುವ ಕೆಲಸ ಶಿವರತ್ನಮ್ಮನದಾಯಿತು.

"ಉಸುರು ಒಳಕ್ಕೆ ಎಳ್ಕಳಿ."

"ಎಳ್ಕಂಡಿದ್ದೀನಿ."

"ಇನ್ನೂ ಎಳ್ಕಳಿ. ಇನ್ನೊಂದೀಟು. ಅಂಗೇ ಇರಿ, ಬುಡ್ಬೇಡಿ."

ಎಂಟು ಹುಕ್ಕು ಹಾಕುವಷ್ಟರಲ್ಲಿ ಅವಳು ಗೋಡೆ ಹಿಡಿದು ಕೂತುಬಿಟ್ಟಳು. ಹಣೆಯೆಲ್ಲ ಬೆವರು. ಕೈ ಎತ್ತಿ ಒರೆಸಿಕೊಂಡಾಗ ಬಳೆಗಳು ಜಾರಿ ಮೊಣಕೈಗೆ ಹೋಗಿ ನಿಂತವು.

"ಯಾಕ್ಲೇ, ಏನಾಯ್ತು?"

"ಏನಿಲ್ಲ. ಗ್ಯಾಸ್ಟ್ರಿಕ್ಕು. ಒಟ್ಟೆ ಇಡ್ಕತದೆ."

"ಒಂದು ಸೋಡ ಕುಡಿ. ಹುಕ್ಕು ಬಿಗಿ ಅಲ್ವಾ, ಅದ್ಕೇ ನಿಂಗೆ ಸುಸ್ತು. ಬಟ್ಟೆ ಒಳ್ಳೆ ಗಟ್ಟಿ," ಎಂದು ಪುಟ್ಟಬಸಪ್ಪ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ. ಅವಳು ಎದ್ದು ಉಳಿದ ಆರನ್ನೂ ಹಾಕಿದಳು.

ಮಗಳು ಕೋಮಲಳನ್ನು ಕೊಟ್ಟಿದ್ದು ಯಳಂದೂರು ಹತ್ತಿರದ ಅಗರಕ್ಕೆ. ಹೊಸ ಮನೆಯ ಬಾಗಿಲಲ್ಲಿ ಬೀಗರು ಪುಟ್ಟಬಸಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಬೀಗರೇ, ನೀವೇ ಮದ್ವೆ ಗಂಡಿನಂಗೆ ಕಾಣ್ತಿದ್ದೀರಲ್ಲ!" ಎಂದರು. ಆ ಒಂದು ಮಾತಿಗೆ ಅವನ ಎದೆ ಉಬ್ಬಬೇಕಿತ್ತು, ಆದರೆ ಉಬ್ಬಲು ಒಳಗೆ ಜಾಗವಿರಲಿಲ್ಲ.

ಪಂಕ್ತಿಯಲ್ಲಿ ಕೂತ. ಮೊದಲ ಹೋಳಿಗೆ ಹೋಯಿತು. ಬೀಗಿತ್ತಿ ಬಲವಂತ ಮಾಡಿ ಎರಡನೆಯದನ್ನು ಹಾಕಿ ಮೇಲೆ ತುಪ್ಪ ಸುರಿದರು. ವರ್ಷದಿಂದ ಹೋಳಿಗೆ ಕಾಣದ ಬಾಯಿ ಅದು. ಅದೂ ಹೋಯಿತು. ಆಗ ಬೆನ್ನ ಹಿಂದೆ "ಟಪ್" ಎಂದು ಒಂದು ಸದ್ದಾಯಿತು. ಪಕ್ಕದವರು ಪಟಾಕಿ ಎಂದುಕೊಂಡರು. ಇನ್ನೂ ಹದಿಮೂರು ಹುಕ್ಕು ಹಿಡಿದೇ ಇದ್ದವು. ಹೋಳಿಗೆ ಇಳಿಯಲಿಲ್ಲ, ಉಸಿರು ಏರಲಿಲ್ಲ. ಪುಟ್ಟಬಸಪ್ಪನ ಕಣ್ಣು ಮೇಲಾಗಿ, ಮುಖ ನೆಟ್ಟಗೆ ಎಲೆಯ ಮೇಲಿನ ಪಾಯಸಕ್ಕೆ ಬಿತ್ತು.

ಕಾರಿಗೆ ಹಾಕಿಕೊಂಡು ಯಳಂದೂರಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ ತಂದರು. ದೀಪ ಎಂಬ ನರ್ಸು ಅಂಗಿಯ ಗುಂಡಿ ಬಿಚ್ಚಿ, ಒಳಗಿನ ಪಟ್ಟೆಪಟ್ಟೆಯ ಬಿಗಿತವನ್ನು ಕಂಡು, ಆಪರೇಷನ್ ಆದವರಿಗೆ ಕಟ್ಟುವ ಪಟ್ಟಿಯೆಂದುಕೊಂಡು ಗಾಬರಿಯಾದಳು. ಕತ್ತರಿಯಲ್ಲಿ ಹುಕ್ಕು ಕತ್ತರಿಸಿದಳು. ಸೆರೆ ಬಿಡಿಸಿದ ಹಾಗೆ ಅಷ್ಟೂ ಚರ್ಮ ಒಮ್ಮೆಗೇ ಹೊರಗೆ ಹರಿದು ಮಂಚದ ಎರಡೂ ಬದಿಗೆ ಇಳಿಯಿತು. ಅವಳು "ಅಯ್ಯೋ ಪಾಪ!" ಎಂದು ಬೆಡ್‌ಶೀಟು ಮುಚ್ಚಿದಳು. ಪುಟ್ಟಬಸಪ್ಪ ಕಣ್ಣು ಬಿಟ್ಟ.

"ಅಜ್ಜ, ಆಪ್ರೇಷನ್ ಯಾವಾಗ ಆಗಿದ್ದು?"

ಮಂಚದ ಸುತ್ತ ಬೀಗರು, ಬೀಗಿತ್ತಿ, ಕೋಮಲ, ಪಂಕ್ತಿಯಿಂದ ಕೈ ತೊಳೆಯದೆ ಬಂದ ಅಗರದ ನಾಲ್ಕು ಜನ. ಎರಡು ಉತ್ತರವಿದ್ದವು. ಒಂದು, ನಾನು ನನಗೇ ಹುಕ್ಕಿನ ರವಿಕೆ ಹೊಲಿದುಕೊಂಡೆ ಎನ್ನುವುದು. ಇನ್ನೊಂದು, ಹೂಂ ಎನ್ನುವುದು.

"ಹೂಂ," ಎಂದ ಪುಟ್ಟಬಸಪ್ಪ.

"ಎಲ್ಲಿ?"

"ಮೈಸೂರಲ್ಲಿ."

"ಏನಕ್ಕೆ?"

ಅಷ್ಟು ದೂರದ ಸುಳ್ಳನ್ನು ಅವನು ಯೋಚಿಸಿರಲಿಲ್ಲ. ಸೂರಿನ ಫ್ಯಾನನ್ನು ಒಂದು ಕ್ಷಣ ನೋಡಿ ಕಣ್ಣು ಮುಚ್ಚಿಕೊಂಡ. ಹಾಗೆ ಕಣ್ಣು ಮುಚ್ಚಿಕೊಂಡದ್ದೇ ಕೆಟ್ಟದ್ದಾಯಿತು. ಹೆಸರು ಹೇಳಬಾರದ ಕಾಯಿಲೆ ಎಂದು ಎಲ್ಲರಿಗೂ ಅರ್ಥವಾಗಿಹೋಯಿತು.

"ನಂಗೊಂದ್ ಮಾತು ಯೋಳ್ನಿಲ್ವಲ್ಲ ಅಪ್ಪಾಜಿ!" ಎಂದು ಕೋಮಲ ಅಳತೊಡಗಿದಳು. ತಾಯಿಯ ಕಡೆ ತಿರುಗಿ, "ನೀನಾರ ಯೋಳ್ಬಾರ್ದಾಗಿತ್ತಾ ಅವ್ವ?" ಎಂದಳು. ಶಿವರತ್ನಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಹೊಟ್ಟೆಗೆ ಕೈ ಒತ್ತಿಕೊಂಡು ಕೂತಿದ್ದಳು. ಗಂಡನ ಮುಖ ನೋಡಿದಳು. ಅವನು ಒಂದು ಕಣ್ಣು ಅರ್ಧ ತೆರೆದು ಬೇಡಿಕೊಂಡ. ಅವಳು ತಲೆ ತಗ್ಗಿಸಿದಳು. ಬೆಳಿಗ್ಗೆ ಹದಿನಾಲ್ಕು ಹುಕ್ಕು ಹಾಕಿದವಳು ಹದಿನೈದನೆಯದನ್ನು ತನ್ನ ಬಾಯಿಗೆ ಹಾಕಿಕೊಂಡಳು.

ಡಾಕ್ಟರು ಬಂದು, ಏನೂ ಆಗಿಲ್ಲ, ಬಿಗಿಯಾದದ್ದು ಹಾಕಬೇಡಿ, ಮನೆಗೆ ಹೋಗಿ ಎಂದರು. ಮನೆಗೆ ಕಳಿಸಿಬಿಟ್ಟರು ಎಂದರೆ ಏನರ್ಥವೆಂದು ಅಗರದವರಿಗೆ ತಿಳಿಯದೆ? ಸಂಜೆಗೆ ಅಗರದಲ್ಲಿ ಪುಟ್ಟಬಸಪ್ಪನಿಗೆ ಅರ್ಧ ಹೊಟ್ಟೆ ತೆಗೆದಿದ್ದರು. ಮರುದಿನ ಬಿಳಿಗಿರಿರಂಗನ ಬೆಟ್ಟದ ಬಸ್ಸಿನಲ್ಲಿ ಪೂರ್ತಿ ಹೊಟ್ಟೆ ತೆಗೆದು ಬರೀ ಚರ್ಮ ಮಡಗಿದ್ದರು. ಹನೂರು ತಲಪುವ ಹೊತ್ತಿಗೆ ಡಾಕ್ಟರು ದಸರೆಯ ತನಕ ಮಾತ್ರ ಗಡುವು ಕೊಟ್ಟಿದ್ದರು.

ನೋಡಲು ಬರುವವರು ಶುರುವಾದರು. ನಮ್ಮ ಕಡೆ ಮನುಷ್ಯ ಚೆನ್ನಾಗಿದ್ದಾಗ ನೋಡಲು ಬಾರದವರು, ಹೋಗುತ್ತಾನೆಂದರೆ ಎರಡು ಬಸ್ಸು ಬದಲಿಸಿ ಬರುತ್ತಾರೆ. ಕಿತ್ತಳೆಹಣ್ಣು, ಬ್ರೆಡ್ಡು, ಎಳನೀರು ಮನೆ ತುಂಬಿತು. ದೊಡ್ಡಮಾದಯ್ಯ ಸೈಕಲ್ ಅಂಗಡಿಯ ಬೆಂಚನ್ನು ತಂದು ಪುಟ್ಟಬಸಪ್ಪನ ಜಗುಲಿಗೆ ಹಾಕಿದ. "ಬಸಪ್ಪಣ್ಣನ್ ನೋಡಾಕ್ ಬಂದ್ರಾ? ಚಪ್ಲಿ ಇಲ್ಬುಡಿ. ಜಾಸ್ತಿ ಮಾತಾಡಿಸ್ಬೇಡಿ, ಸುಸ್ತಾಯ್ತದೆ." ಟ್ಯೂಬಿನ ತಮಾಷೆ ಆಡಿದ್ದಕ್ಕೆ ಅವನು ಎಲ್ಲರೆದುರು ಕಣ್ಣೊರೆಸಿಕೊಂಡದ್ದೂ ಉಂಟು.

"ನಂಗೇನೂ ಆಗಿಲ್ಲ ಕಣ್ರಪ್ಪ," ಎಂದು ಪುಟ್ಟಬಸಪ್ಪ ಮೂರು ದಿನ ಹೇಳಿ ನೋಡಿದ.

"ಧೈರ್ಯ ನೋಡ್ಲಾ ಮನುಷ್ಯಂದು!" ಎಂದರು ಬಂದವರು. ಒಬ್ಬೊಬ್ಬರೂ ಅವನ ಮುಂಗೈ ಚರ್ಮವನ್ನು ಎಳೆದು ಬಿಟ್ಟು, ಅದು ವಾಪಸು ಹೋಗುವುದನ್ನು ಕಾದು, ಹೋಗದ್ದನ್ನು ಕಂಡು ನಿಟ್ಟುಸಿರು ಬಿಟ್ಟರು. ತಮ್ಮ ತಮ್ಮ ಊರಲ್ಲಿ ಇದೇ ಥರ ಚರ್ಮ ಇಳಿದು ಯಾರು ಯಾರು ಹೋದರೆಂದು ವಿವರವಾಗಿ ಹೇಳಿದರು. ಹೇಳಿ ಕಾಫಿ ಕುಡಿದರು. ಕಾಫಿ ಕೊಡುತ್ತಿದ್ದವಳು ಶಿವರತ್ನಮ್ಮ. ಬೆಳಗಿನಿಂದ ಸಂಜೆಯ ತನಕ ಒಲೆ ಮುಂದೆ ನಿಂತು, ತಟ್ಟೆ ಹಿಡಿದು ಹೊರಗೆ ಬರುವಳು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುವಳು. ಲೋಟ ತೆಗೆದುಕೊಳ್ಳುವವರ ಕಣ್ಣು ಪುಟ್ಟಬಸಪ್ಪನ ಮೇಲೆ.

ಹನೂರಿನಿಂದ ಅವಳಣ್ಣ ಗುರುಮಲ್ಲಪ್ಪ ಬಂದವನು ಭಾವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

"ಬಾವ, ಜಾಗದ್ ಯೋಚ್ನೆ ಬುಟ್ಬುಡಿ. ಕೊಳ್ಳೇಗಾಲದಲ್ಲಿ ನಿಮ್ಗೆ ಅಂಗ್ಡಿ ಬುಟ್ರೆ ಗೇಣು ಭೂಮಿಯಿಲ್ಲ ಅಂತ ನಂಗೊತ್ತಿಲ್ವಾ? ನಮ್ಮ ತೋಟದ ಬದೀಲಿ, ಉಣಿಸೇಮರದ ನೆಳ್ಳಲ್ಲಿ, ಒಂದ್ ಜಾಗ ಚೊಕ್ಕ ಮಾಡಿಸ್ ಮಡಗಿದ್ದೀನಿ."

"ಯಾರಿಗೆ ಬಾವ?"

ಗುರುಮಲ್ಲಪ್ಪ ಮುಖ ಆಚೆ ತಿರುಗಿಸಿ, "ಇರ್ಲಿ ಬುಡಿ, ಯಾರ್ಗಾರ ಆಯ್ತದೆ," ಎಂದ.

ಸುದ್ದಿ ಸರ್ಕಾರಕ್ಕೂ ಮುಟ್ಟಿತು. ಒಂದು ಮಧ್ಯಾಹ್ನ ಮಣಿಕಂಠ ಎಂಬ ಹೆಲ್ತ್ ಇನ್ಸ್‌ಪೆಕ್ಟರು ಚೀಲ ನೇತುಹಾಕಿಕೊಂಡು ಬಂದ. ಕ್ಷಯವೇನೋ ಎಂದು ತೂಕ ಇಳಿದವರ ಕಫ ಪರೀಕ್ಷೆ ಮಾಡಿಸಬೇಕು, ಮೇಲಿನಿಂದ ಆರ್ಡರ್ ಇದೆ ಎಂದು ಪುಟ್ಟಬಸಪ್ಪನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟ.

"ನಂಗೆ ಕೆಮ್ಮೇ ಇಲ್ವಲ್ಲ ಸಾ."

"ಕೆಮ್ಮಿ ಕೊಡಿ. ಫಾರಂ ತುಂಬಬೇಕು."

ಪುಟ್ಟಬಸಪ್ಪ ಇಲ್ಲದ ಕೆಮ್ಮನ್ನು ತರಿಸಲು ಅರ್ಧ ಗಂಟೆ ಹೆಣಗಿದ. ಬೆಂಚಿನ ಮೇಲಿದ್ದವರೆಲ್ಲ ತಾವೂ ಕೆಮ್ಮಿ ಸಹಾಯ ಮಾಡಿದರು. ಕೊನೆಗೆ ಒಂದಿಷ್ಟು ಉಗುಳು ಡಬ್ಬಿಗೆ ಬಿತ್ತು. ಅಷ್ಟರಲ್ಲಿ ಶಿವರತ್ನಮ್ಮ ಕಾಫಿ ತಂದಳು. ಆ ಬೀದಿಯಲ್ಲಿ ಕಾಫಿ ತಂದವಳ ಮುಖ ನೋಡಿದ್ದು ಮಣಿಕಂಠ ಒಬ್ಬನೇ.

"ಅಮ್ಮಾ, ನೀವು ತುಂಬ ಸಣ್ಣಗಿದೀರಲ್ಲ. ನಿಮ್ದೂ ಒಂದು ಟೆಸ್ಟ್ ಮಾಡಿಸ್ಬಿಡೋಣ್ವಾ?"

"ನಂಗೇನಪ್ಪ, ಗ್ಯಾಸ್ಟ್ರಿಕ್ಕು. ಕಾಫಿ ಆರೋಯ್ತದೆ, ಕುಡೀ ಮಗ."

"ಅವ್ಳಿಗೇನೂ ಆಗಿಲ್ಲ ಸಾ," ಎಂದು ಪುಟ್ಟಬಸಪ್ಪ ನಕ್ಕ. "ಮೂವತ್ತೊಂದು ವರ್ಷದಿಂದ ಒಂದೇ ಅಳತೆ. ಮೊನ್ನೆ ಶ್ರಾವಣದಲ್ಲೂ ಅದೇ ಅಳತೇಲಿ ಹೊಲ್ದಿದ್ದೀನಿ. ನೂಲೆಳೆಯಷ್ಟೂ ಎಚ್ಚುಕಮ್ಮಿ ಇಲ್ಲ. ನಾನು ದರ್ಜಿ ಅಲ್ವಾ, ನಂಗೊತ್ತಾಗಕ್ಕಿಲ್ವಾ?"

ದರ್ಜಿಯ ಮಾತು. ಮಣಿಕಂಠ ಒಪ್ಪಿಕೊಂಡು ಹೋದ. ಹದಿನೈದು ದಿನಕ್ಕೆ ಪುಟ್ಟಬಸಪ್ಪನ ಉಗುಳಿನಲ್ಲಿ ಏನೂ ಇಲ್ಲವೆಂದು ಕಾಗದ ಬಂತು. ಕಾಯಿಲೆ ಮೆಷಿನ್ನಿಗೂ ಸಿಗುತ್ತಿಲ್ಲ ಎಂದು ಊರವರು ಇನ್ನಷ್ಟು ಹೆದರಿದರು.

ದಸರೆ ಕಳೆಯಿತು. ಗಡುವು ಮೀರಿದರೂ ಪುಟ್ಟಬಸಪ್ಪ ಗಟ್ಟಿಯಾಗಿ ಕೂತಿದ್ದು ಕೆಲವರಿಗೆ ಸಣ್ಣ ಅಸಮಾಧಾನವನ್ನೂ ತಂದಿತು. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತು. ಬೆಟ್ಟಕ್ಕೆ ನಡೆದು ಹೋಗುವವರು ಬಟ್ಟೆ ಗಂಟು ಹೊತ್ತು, "ಉಘೇ ಮಾದಪ್ಪ" ಎನ್ನುತ್ತ ಅವನ ಬೀದಿಯಲ್ಲೇ ಹಾದುಹೋಗುತ್ತಿದ್ದರು. ಶಿವರತ್ನಮ್ಮ ಕೊಡ ಇಟ್ಟುಕೊಂಡು ಬಾಗಿಲಲ್ಲಿ ಕೂತು ಅವರಿಗೆಲ್ಲ ನೀರು ಕೊಟ್ಟಳು. ಮೊದಲಾದರೆ ನಿಂತು ಕೊಡುತ್ತಿದ್ದಳು.

"ಒಂಟೋಗವಾ ಕೋಮಲನ ಅಪ್ಪ? ಈ ಜನದ ಇಂದೆಯೇ ನಿಧಾನಕ್ಕೆ ನಡ್ದುಬುಡವ. ಆಗ್ದಿದ್ರೆ ತಾಳಬೆಟ್ಟದ ಗಂಟ ಬಸ್ಸಲ್ಲಿ ಓಗಿ, ಅಲ್ಲಿಂದ ಬೆಟ್ಟ ಅತ್ತವ."

"ಎಂಗ್ಲೇ ಓಗದು? ಸಾಯ್ತನೆ ಅಂತ ಎಲ್ರೂ ಬಂದು ಅತ್ತು ಓಗವ್ರೆ. ನಾನು ಎದ್ದು ಬೆಟ್ಟ ಅತ್ತುದ್ರೆ ಬೀಗರು ಏನಂದಾರು? ಕಿತ್ಲೆಹಣ್ಣು ತಂದೋರ ಮುಖ ಎಂಗ್ ನೋಡ್ಲಿ? ನಾಳಿಕ್ಕೆ ಬೇರೆ ನಿಮ್ಮಣ್ಣ ಎಂಟು ಜನ ಕರ್ಕಂಡ್ ಬತ್ತವ್ನೆ."

ಶಿವರತ್ನಮ್ಮ ಹಾದುಹೋಗುವವನೊಬ್ಬನ ಬೊಗಸೆಗೆ ನೀರು ಬಗ್ಗಿಸಿದಳು.

"ಅಂಗಾರೆ ಕಾರ್ತೀಕದ ಅಮಾಸೆಗೆ. ಮಾತು ಕೊಡಿ."

"ಕಾರ್ತೀಕದ ಅಮಾಸೆಗೆ ಓಗೇ ಓಗವ. ಅಷ್ಟೊತ್ಗೆ ಚರ್ಮವೂ ಕೂತ್ಕತ್ತದೆ."

ಮರುದಿನ ಹನೂರಿನವರು ಬಂದರು. ಎಂಟು ಜನವೂ ಬೆಂಚಿನ ಮೇಲೆ, ಜಗುಲಿಯ ಮೇಲೆ ಕೂತು ಪುಟ್ಟಬಸಪ್ಪನನ್ನು ನೋಡುತ್ತಿದ್ದರು. ಒಳಗೆ ತಟ್ಟೆ ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಎಂಟು ಜನವೂ ಒಮ್ಮೆಗೇ ಎದ್ದು ಓಡಿಬಂದು ಪುಟ್ಟಬಸಪ್ಪನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಬ್ಬ ಬೆನ್ನು ಹಿಡಿದ, ಒಬ್ಬ ತಲೆ ಹಿಡಿದ, ಗುರುಮಲ್ಲಪ್ಪ ಎರಡೂ ಕಾಲು ಹಿಡಿದ. "ನೀರ್ ತಕಂಡ್ ಬಾರವ್ವ ರತ್ನೀ! ಬಾವ ಓಯ್ತವ್ರೆ!" ಎಂದು ಕೂಗಿದ. ನೀರು ಬರಲಿಲ್ಲ. ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಆಮೇಲೆ ಯಾರೋ ಒಬ್ಬರು ಒಳಗೆ ಹೋಗಿ ನೋಡಿದರು.

ಮೈಸೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆಯಲ್ಲಿ ಶುರುವಾಗಿ ಈಗ ಎಲ್ಲ ಕಡೆ ಹಬ್ಬಿದೆ ಎಂದರು.

"ಎಷ್ಟು ತಿಂಗಳಿಂದ ಇಷ್ಟು ಇಳಿದಿದ್ದಾರೆ?"

"ಇಳ್ದಿಲ್ವಲ್ಲ ಸಾ," ಎಂದ ಪುಟ್ಟಬಸಪ್ಪ. "ಅಳತೆ ಅದೇ ಅದೆ."

ಡಾಕ್ಟರು ಅವನನ್ನೊಮ್ಮೆ ನೋಡಿ ಮುಂದಿನ ಮಂಚಕ್ಕೆ ಹೋದರು.

ಒಂಬತ್ತು ದಿನ ಅವಳು ಅಲ್ಲಿದ್ದಳು. ಒಬ್ಬರೂ ನೋಡಲು ಬರಲಿಲ್ಲವೆಂದಲ್ಲ, ಬಂದರು. ಆದರೆ ಹಣ್ಣನ್ನು ಅಭ್ಯಾಸಬಲದಿಂದ ಪುಟ್ಟಬಸಪ್ಪನ ಕೈಗೇ ಕೊಟ್ಟು, "ನೀವು ಯಾಕ್ ಎದ್ದು ಓಡಾಡ್ತಿದ್ದೀರಿ?" ಎಂದು ಗದರಿದರು. ಅವನು ಯಾರಿಗೆ ಎಲ್ಲಿಂದ ಹೇಳಬೇಕೆಂದು ತಿಳಿಯದೆ ಹಣ್ಣು ಹಿಡಿದು ನಿಂತ. ಎಂಟನೆಯ ದಿನ ಕೋಮಲಳನ್ನೂ ಗುರುಮಲ್ಲಪ್ಪನನ್ನೂ ಮಂಚದ ಹತ್ತಿರ ಕರೆದು, ಪಟ್ಟೆ ಬಟ್ಟೆಯ ಕಥೆಯನ್ನು ಮೊದಲಿಂದ ಹೇಳಿಬಿಟ್ಟ. ಗುರುಮಲ್ಲಪ್ಪ ಬಯ್ಯಲು ಬಾಯಿ ತೆರೆದ. ಮಂಚದ ಮೇಲಿನಿಂದ ಶಿವರತ್ನಮ್ಮ, "ಬುಡಣ್ಣ. ಹದಿನಾಲ್ಕು ಹುಕ್ಕು ಹಾಕಿದೋಳು ನಾನೇಯ," ಎಂದು ನಕ್ಕಳು. ಅವಳು ನಕ್ಕದ್ದನ್ನು ಕಂಡು ಎಲ್ಲರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ಅವರಿಬ್ಬರೂ ಆಚೆ ಹೋದ ಮೇಲೆ ಅವಳು ಗಂಡನ ಮುಂಗೈ ಹಿಡಿದು, ಚರ್ಮವನ್ನು ಮೆಲ್ಲಗೆ ಎಳೆದು ನೋಡಿದಳು.

"ಕೂತ್ಕತಾ?"

"ಕೂತ್ಕತಾ ಅದೆ."

"ಅಮಾಸೆ ಯಾವತ್ತು?"

"ಇನ್ನು ಇಪ್ಪತ್ತೆರಡು ದಿನ ಅದೆ."

"ಅಂಗಿ ಬಿಚ್ಬೇಕು, ಮತ್ತೆ. ನಾಚ್ಕಬಾರ್ದು."

"ಬಿಚ್ತೀನಿ ಕಣ್ ಬುಡು ರತ್ನ."

ಮರುದಿನ ಬೆಳಗಾಗುವಾಗ ಹೋದಳು.

ಕೊಳ್ಳೇಗಾಲಕ್ಕೆ ತಂದರು. ಗಂಡನಿಗಿಂತ ಮುಂಚೆ ಹೋದ ಮುತ್ತೈದೆಗೆ ತವರಿನ ಸೀ‌ರೆ ಉಡಿಸಬೇಕು. ಗುರುಮಲ್ಲಪ್ಪ ಹಸಿರು ಸೀರೆಯನ್ನೂ ಹಸಿರು ರವಿಕೆ ಬಟ್ಟೆಯನ್ನೂ ತಂದ. ಬಟ್ಟೆಯನ್ನು ಹಾಗೇ ಮೈಮೇಲೆ ಹಾಕಿದರೆ ಸಾಕು ಎಂದು ಹೆಂಗಸರು ಹೇಳಿದರು. ಪುಟ್ಟಬಸಪ್ಪ ಕೇಳಲಿಲ್ಲ. "ದರ್ಜಿ ಹೆಂಡ್ತಿ ಹೊಲೀದ ಬಟ್ಟೆ ಹೊದ್ಕಂಡ್ ಓಗದಾ?" ಎಂದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗಿಯ ನೆನಪೂ ಇಲ್ಲದೆ ಬರಿಮೈಯಲ್ಲೇ ಮಿಷನ್ನನ್ನು ಜಗುಲಿಗೆ ಎಳೆದುಕೊಂಡು ಕೂತ. ಪೆಟ್ಟಿಗೆಯಿಂದ ಅಳತೆ ರವಿಕೆ ತೆಗೆದು ಹರಡಿ, ಅಳೆದು, ಕತ್ತರಿಸಿ, ಒಂದೂವರೆ ಗಂಟೆಯಲ್ಲಿ ಹೊಲಿದು ಒಳಗೆ ಕೊಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಆ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಅವನ ದೂರದ ನೆಂಟರ ಪೈಕಿಯ ಮುದುಕಿಯೊಬ್ಬಳು ಹಾರ ಹಿಡಿದು ಬಂದಳು. ಪುಟ್ಟಬಸಪ್ಪನ ಮನೆಯಲ್ಲಿ ಹೋಗಿಬಿಟ್ಟರಂತೆ ಎಂದಷ್ಟೇ ಅವಳು ಕೇಳಿದ್ದು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಜಗುಲಿಯ ಮೇಲೆ ವಿಭೂತಿ ಹಚ್ಚಿ, ಚರ್ಮವೆಲ್ಲ ಇಳಿಬಿದ್ದು, ಕಣ್ಣು ಮುಚ್ಚಿ ಕೂತವನನ್ನು ಕಂಡು, "ಅಯ್ಯಯ್ಯೋ ನನ್ನಪ್ಪ, ಆಗ್ಲೇ ಕೂರಿಸ್ಬುಟ್ಟವ್ರಲ್ಲ!" ಎಂದು ಹಾರವನ್ನು ಅವನ ಕೊರಳಿಗೆ ಹಾಕಿ, ಕಾಲು ಮುಟ್ಟಿ ಅಳತೊಡಗಿದಳು.

ಪುಟ್ಟಬಸಪ್ಪ ಕಣ್ಣು ಬಿಟ್ಟು, ಹಾರ ತೆಗೆದು ಅವಳ ಕೈಗೆ ವಾಪಸು ಕೊಟ್ಟ. "ನಾನಲ್ಲ ಕಣವ್ವ. ಒಳಗವ್ಳೆ, ಓಗು," ಎಂದ. ಬೀದಿಯಲ್ಲಿ ನಿಂತಿದ್ದವರು ಯಾರೂ ನಗಲಿಲ್ಲ. ಅವನ ಚರ್ಮವನ್ನೂ ಆ ದಿನ ಯಾರೂ ನೋಡಲಿಲ್ಲ.

ಆಗ ಕೋಮಲ ಹಸಿರು ರವಿಕೆ ಹಿಡಿದು ಹೊರಗೆ ಬಂದಳು.

"ಅಪ್ಪಾಜಿ, ಇದು ಆಗಲ್ಲ."

"ಯಾಕವ್ವ?"

"ಇದ್ರೊಳಕ್ಕೆ ಅವ್ವನಂತೋರು ಇಬ್ರು ಇಡೀತರೆ."

"ಅಳತೆ ಸರ್ಯಾಗೇ ಅದೆ. ನೋಡಿ ಹೊಲ್ದಿದ್ದೀನಿ."

ಕೋಮಲ ತಾಯಿಯ ಮೈಯಿಂದ ಬಿಚ್ಚಿದ್ದ ರವಿಕೆಯನ್ನು ಅವನ ಮುಂದಿಟ್ಟಳು. ಶ್ರಾವಣದಲ್ಲಿ ಗೃಹಪ್ರವೇಶಕ್ಕೆಂದು ಅವನೇ ಹೊಲಿದದ್ದು. ಪುಟ್ಟಬಸಪ್ಪ ಅದನ್ನು ಒಳಮಗ್ಗುಲಿಗೆ ತಿರುಗಿಸಿದ. ಅವನ ಮಿಷನ್ ಹೊಲಿಗೆ ಅವನು ಹಾಕಿದ ಕಡೆಯೇ ಇತ್ತು. ಅದರಿಂದ ಒಂದು ಬೆರಳು ಒಳಕ್ಕೆ ಬಿಳಿ ದಾರದ ಕೈಹೊಲಿಗೆ. ಅದರಿಂದ ಇನ್ನೊಂದು ಬೆರಳು ಒಳಕ್ಕೆ ಮತ್ತೊಂದು ಸಾಲು. ಅದರಿಂದಲೂ ಒಳಕ್ಕೆ ಮೂರನೆಯದು. ಮೊದಲ ಸಾಲು ನೆಟ್ಟಗಿತ್ತು. ಮೂರನೆಯ ಸಾಲು ಡೊಂಕುಡೊಂಕಾಗಿ, ನಡುವೆ ಎರಡು ಕಡೆ ದಾರ ಕಿತ್ತು ಮತ್ತೆ ಗಂಟು ಹಾಕಿತ್ತು.

ಅವನು ಬಹಳ ಹೊತ್ತು ಆ ದಾರದ ಮೇಲೆ ಬೆರಳಾಡಿಸಿದ. ಆಮೇಲೆ ಕೊರಳಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡು ಒಳಗೆ ಹೋದ. ಹೆಂಗಸರು ದಾರಿ ಬಿಟ್ಟರು. ಮೂವತ್ತೊಂದು ವರ್ಷದಲ್ಲಿ ಮೊದಲನೆಯ ಸಲ ಪುಟ್ಟಬಸಪ್ಪ ಹೆಂಗಸೊಬ್ಬಳ ಮೈಗೆ ಟೇಪು ಹಿಡಿದ. ಮೂವತ್ತಾರು ಇರಬೇಕಾದ ಕಡೆ ಇಪ್ಪತ್ತೇಳು ಇತ್ತು. ಎರಡು ಸಲ ಅಳೆದ. ಇಪ್ಪತ್ತೇಳೇ ಇತ್ತು.

ಹೊರಗೆ ಬಂದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡೂ ಪಕ್ಕ ಹಿಡಿದು ಹೊಲಿದ. ಹೆಚ್ಚಾಗಿ ಉಳಿದ ಬಟ್ಟೆಯನ್ನು ಕತ್ತರಿಸಿ ತೆಗೆಯಲು ದೊಡ್ಡಮಾದಯ್ಯ ಕತ್ತರಿ ಎತ್ತಿ ಕೊಟ್ಟ. ಅವನು ತೆಗೆದುಕೊಳ್ಳಲಿಲ್ಲ. ರವಿಕೆಯನ್ನು ಮಡಿಸಿ ಮಗಳ ಕೈಗಿಟ್ಟು, ಅಂಗಡಿಯಲ್ಲಿ ಎಲ್ಲರಿಗೂ ಹೇಳುವಂತೆಯೇ ಹೇಳಿದ:

"ಒಳಗಡೆ ಬಟ್ಟೆ ಬುಟ್ಟಿದ್ದೀನಿ ಕಣವ್ವ. ಮೈ ಬಂದ್ರೆ ಬಿಚ್ಕಬೋದು."

ಗುರುಮಲ್ಲಪ್ಪ ಚೊಕ್ಕ ಮಾಡಿಸಿದ್ದ ಹುಣಸೆಮರದ ನೆರಳಿನ ಜಾಗಕ್ಕೇ ಅವಳನ್ನು ಒಯ್ದರು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವುದೂ ಬೆಟ್ಟಕ್ಕೆ ಹೋಗುವುದೂ ಒಂದೇ ರಸ್ತೆ. ವ್ಯಾನಿನ ಹಿಂದುಗಡೆ ಅವಳ ಪಕ್ಕದಲ್ಲಿ ಪುಟ್ಟಬಸಪ್ಪ ಬರಿಮೈಯಲ್ಲಿ, ಬರಿಗಾಲಲ್ಲಿ ಕೂತಿದ್ದ. ಹನೂರಿನ ತನಕ ಇಬ್ಬರೂ ಜೊತೆಯಲ್ಲೇ ಹೋದರು. ಅಮಾವಾಸ್ಯೆಗೆ ಇನ್ನೂ ಇಪ್ಪತ್ತೊಂದು ದಿನವಿತ್ತು. ಶಿವರತ್ನಮ್ಮ ಹೊರಟದ್ದು ಕಾರ್ತಿಕದ ಎರಡನೆಯ ಸೋಮವಾರ, ಮಾದಪ್ಪನ ವಾರ.